ಗಾಜಿನ ಮೇಲಿನ ಅಪಸವ್ಯ

ಬೇಲೂರು, ಹಳೇಬೀಡು ಮತ್ತು ಅರಸೀಕೆರೆಯ ಹೊಯ್ಸಳ ದೇವಾಲಯಗಳ ಮುಂದೆ ಐವತ್ತು ಅರುವತ್ತು ವರ್ಷಗಳ ಹಿಂದೆ ತೆಗೆದ ಚಿತ್ರಗಳು ಇಂದು ಬಹುಮಟ್ಟಿಗೆ ಎರಡು ರೂಪಗಳಲ್ಲಿ ಉಳಿದಿವೆ: ಆಲ್ಬಮ್ಮಿನ ಕಪ್ಪು ಹಾಳೆಗೆ ಅಂಟಿಕೊಂಡು ಅಂಚು ಹಳದಿಗಟ್ಟಿದ ಮುದ್ರಿತ ಪ್ರತಿಯಾಗಿ ಕೆಲವು, ಬಟರ್ ಪೇಪರಿನ ಲಕೋಟೆಯೊಳಗೆ ಸೇರಿಕೊಂಡ ಆರು ಸೆಂಟಿಮೀಟರ್ ಅಗಲದ ನೆಗೆಟಿವ್ ಆಗಿ ಇನ್ನು ಕೆಲವು. ಮನೆಯವರು ಮೊದಲನೆಯದನ್ನು ಆಗಾಗ ತೆಗೆದು ನೋಡುತ್ತಾರೆ, ಎರಡನೆಯದನ್ನು ಬೀರುವಿನ ಅಡಿಯಲ್ಲಿ ಮರೆಯುತ್ತಾರೆ. ಆದರೆ ಕ್ಯಾಮೆರಾ ಕಂಡ ಕಲ್ಲಿನ ವಿವರವೆಲ್ಲ ಇರುವುದು ಆ ಎರಡನೆಯದರಲ್ಲಿಯೇ, ಏಕೆಂದರೆ ಸ್ಟುಡಿಯೋದವರು ಕೊಟ್ಟ ಅಂಗೈಯಗಲದ ಪ್ರತಿಯಲ್ಲಿ ಅದರ ಒಂದು ಪಾಲು ಮಾತ್ರ ಇಳಿದಿರುತ್ತದೆ. ಮೇಜಿನ ಮೇಲೆ ಇಡುವ, ಗಾಜಿನ ಹಾಸಿನ ಫ್ಲಾಟ್‌ಬೆಡ್ ಸ್ಕ್ಯಾನರಿನಿಂದ ಇಂಥ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಈಗ ಮನೆಯಲ್ಲಿಯೇ ಆಗುವ ಕೆಲಸ. ಬೇರೆ ಊರಿನ ಬೇರೆ ವಿಷಯದ ಚಿತ್ರಗಳಲ್ಲಿ ಈ ಕೆಲಸದ ಸಣ್ಣ ತಪ್ಪುಗಳು ಲೆಕ್ಕಕ್ಕೆ ಬರುವುದಿಲ್ಲ. ಎಡ ಯಾವುದು ಬಲ ಯಾವುದು ಎಂಬುದರ ಮೇಲೆಯೇ ದೇವರ ಹೆಸರು ನಿಂತಿರುವ ಹೊಯ್ಸಳ ಗೋಡೆಯ ಮಟ್ಟಿಗೆ ಮಾತ್ರ, ನೆಗೆಟಿವನ್ನು ಗಾಜಿನ ಮೇಲೆ ಯಾವ ಮಗ್ಗುಲಾಗಿ ಮಲಗಿಸಲಾಯಿತು ಎಂಬುದು ಮೂರ್ತಿಶಾಸ್ತ್ರದ ಪ್ರಶ್ನೆಯಾಗಿಬಿಡುತ್ತದೆ.

ಈ ಸೀಮೆಯ ಶಿಲ್ಪಕ್ಕೂ ನೆಗೆಟಿವ್‌ಗೂ ಇರುವ ನಂಟು ಛಾಯಾಗ್ರಹಣದ ಬಾಲ್ಯದಷ್ಟೇ ಹಳೆಯದು. ಛಾಯಾಗ್ರಹಣ ವಿಧಾನಗಳು ಯುರೋಪಿನಲ್ಲಿ ಬಹಿರಂಗವಾದದ್ದು 1839ರಲ್ಲಿ. ಅದಾಗಿ ಹದಿನೈದೇ ವರ್ಷಕ್ಕೆ, 1854ರ ಡಿಸೆಂಬರ್ ತಿಂಗಳಲ್ಲಿ, ಮದರಾಸು ಸೇನೆಯ ಅಧಿಕಾರಿ ಲಿನಿಯಸ್ ಟ್ರೈಪ್ ಹಳೇಬೀಡು ಬೇಲೂರುಗಳಿಗೆ ಬಂದು ಕಾಗದದ ನೆಗೆಟಿವ್‌ಗಳ ಮೇಲೆ ದೇವಾಲಯಗಳ ಚಿತ್ರಗಳನ್ನು ತೆಗೆದನು, ಮತ್ತು ಆ ಪ್ರವಾಸದ ಚಿತ್ರಗಳು ಮರುವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ ಕಾಣಿಸಿಕೊಂಡವು. ರಿಚರ್ಡ್ ಬ್ಯಾನರ್ ಓಕ್ಲಿ ಹಳೇಬೀಡಿನ ದೇವಾಲಯವೊಂದನ್ನೇ ವಿಷಯವಾಗಿಟ್ಟುಕೊಂಡು 56 ಛಾಯಾಚಿತ್ರಗಳ ಪುಸ್ತಕವನ್ನು 1859ರಲ್ಲಿ ಲಂಡನ್ನಿನಲ್ಲಿ ಹೊರತಂದನು. ಪಿಗೌ, ನೀಲ್ ಮತ್ತು ಬಿಗ್ಸ್ ಎಂಬ ಮೂವರು ತೆಗೆದ ಚಿತ್ರಗಳಿಗೆ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ವಿವರಣೆ ಬರೆದ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಸಂಪುಟ 1866ರಲ್ಲಿ ಪ್ರಕಟವಾಯಿತು. ಬೇಲೂರಿನ ಚೆನ್ನಕೇಶವ ದೇವಾಲಯದ ಗರ್ಭಗುಡಿಯ ಮೇಲಿದ್ದ ಶಿಖರವನ್ನು ಕಟ್ಟಡದ ಭದ್ರತೆಯ ದೃಷ್ಟಿಯಿಂದ 1879ರಲ್ಲಿ ಇಳಿಸಲಾಯಿತು ಎಂಬುದನ್ನು ನೆನೆದರೆ, ಅದಕ್ಕೂ ಮೊದಲಿನ ಒಂದೊಂದು ಚಿತ್ರದ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಮೈಸೂರು ಪುರಾತತ್ತ್ವ ಇಲಾಖೆಯ ಕಾಲದಲ್ಲಿ ಗಾಜಿನ ತಟ್ಟೆಯ ನೆಗೆಟಿವ್‌ಗಳು ಬಳಕೆಯಲ್ಲಿದ್ದವು, ಆರ್. ನರಸಿಂಹಾಚಾರ್ಯರು ಬೇಲೂರಿನ ಕೇಶವ ದೇವಾಲಯವನ್ನು ಕುರಿತು 1919ರಲ್ಲಿ ಪ್ರಕಟಿಸಿದ ಪುಸ್ತಕದ ಚಿತ್ರಫಲಕಗಳು ಆ ಯುಗದವು.

ಸಾಮಾನ್ಯ ಜನರ ಕೈಗೆ ಕ್ಯಾಮೆರಾ ಬಂದದ್ದು 120 ಎಂಬ ಸಂಖ್ಯೆಯ ಸುರುಳಿ ಫಿಲಂನೊಂದಿಗೆ. ಕೊಡಕ್ ಕಂಪನಿ 1901ರಲ್ಲಿ ತನ್ನ ಬ್ರೌನಿ ಪೆಟ್ಟಿಗೆ ಕ್ಯಾಮೆರಾಕ್ಕಾಗಿ ಹೊರತಂದ ಈ ಫಿಲಂ ಸುಮಾರು 61 ಮಿಲಿಮೀಟರ್ ಅಗಲದ್ದು. ಬೆಳಕು ತಾಗದಂತೆ ಬೆನ್ನಿಗೆ ಕಪ್ಪು ಕಾಗದವನ್ನು ಹೊದ್ದುಕೊಂಡು ಉರುಳೆಗೆ ಸುತ್ತಿರುತ್ತದೆ. ಸಿನಿಮಾ ರೀಲಿನಿಂದ ಹುಟ್ಟಿದ 35 ಮಿಲಿಮೀಟರ್ ಫಿಲಂಗಿಂತ ದೊಡ್ಡದು, ಸ್ಟುಡಿಯೋದ ಬಿಡಿ ಹಾಳೆ ಫಿಲಂಗಿಂತ ಚಿಕ್ಕದು ಎಂಬ ಕಾರಣಕ್ಕೆ ಇದನ್ನು ಮೀಡಿಯಂ ಫಾರ್ಮ್ಯಾಟ್, ಅಂದರೆ ಮಧ್ಯಮ ಅಳತೆಯ ಫಿಲಂ ಎನ್ನುತ್ತಾರೆ. ಅದೇ ಸುರುಳಿಯಲ್ಲಿ ಕ್ಯಾಮೆರಾಕ್ಕೆ ತಕ್ಕಂತೆ ಎಂಟು, ಹತ್ತು, ಹನ್ನೆರಡು ಅಥವಾ ಹದಿನಾರು ಚಿತ್ರಗಳು ಬರುತ್ತವೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಹನ್ನೆರಡು ಚಿತ್ರಗಳ ಚೌಕ ನೆಗೆಟಿವ್, ಅದರ ನಿಜವಾದ ಅಳತೆ ಒಂದೊಂದು ಬದಿಗೆ 56 ಮಿಲಿಮೀಟರ್. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3 ಕ್ಯಾಮೆರಾ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ತಯಾರಿಸತೊಡಗಿದ ‘ಇಂದು’ ಫಿಲಂ, ಸ್ಟುಡಿಯೋದವರ ಯಾಶಿಕಾ, ರೋಲಿಕಾರ್ಡ್‌ಗಳು ಒಂದು ತಲೆಮಾರಿನ ಶಾಲಾ ಪ್ರವಾಸಗಳನ್ನೂ ಹೊಸ ಮದುವೆಯ ಜೋಡಿಗಳನ್ನೂ ಬೇಲೂರಿನ ಮದನಿಕೆಯರ ಶಿಲ್ಪಗಳ ಕೆಳಗೆ ನಿಲ್ಲಿಸಿದವು. ಗುಂಪು ಚಿತ್ರದಲ್ಲಿ ಮೇಷ್ಟರ ಹಿಂದೆ ಮಸುಕಾಗಿ ಕಾಣುವ ಗೋಡೆ ತೆಗೆದವರ ಲಕ್ಷ್ಯದಲ್ಲಿ ಇರಲಿಲ್ಲ. ಆದರೂ ಆ ವರ್ಷ ಆ ಗೋಡೆ ಹೇಗಿತ್ತು, ಯಾವ ಶಿಲ್ಪದ ಕೈ ಇನ್ನೂ ಮುರಿದಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗಬಲ್ಲದು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇಂಥ ಸಾಕ್ಷಿಗಳ ಅಗತ್ಯ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಆ ಕಾಲದ ಎರಡು ಕಣ್ಣಿನ ಕ್ಯಾಮೆರಾದ ಒಂದು ಗುಣವನ್ನು ಇಲ್ಲಿಯೇ ಹೇಳಬೇಕು. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ 1929ರಲ್ಲಿ ಬಂದ ರೋಲಿಫ್ಲೆಕ್ಸ್ ಮತ್ತು ಅದರ ಮಾದರಿಯ ಜಪಾನಿ, ಚೀನೀ ಕ್ಯಾಮೆರಾಗಳಲ್ಲಿ ಒಂದರ ಮೇಲೊಂದು ಎರಡು ಲೆನ್ಸುಗಳಿರುತ್ತವೆ. ಕೆಳಗಿನದು ಫಿಲಂಗೆ, ಮೇಲಿನದು ನೋಡುವವರಿಗೆ. ಮೇಲಿನ ಲೆನ್ಸಿನಿಂದ ಬಂದ ಬೆಳಕು ಒಳಗಿನ ಓರೆ ಕನ್ನಡಿಗೆ ಬಡಿದು ನೆತ್ತಿಯ ಮಸುಕು ಗಾಜಿನ ಮೇಲೆ ಮೂಡುವುದರಿಂದ, ಕ್ಯಾಮೆರಾವನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು ತಲೆ ಬಗ್ಗಿಸಿ ನೋಡುವ ಛಾಯಾಗ್ರಾಹಕನಿಗೆ ಎದುರಿನ ದೃಶ್ಯ ಎಡಬಲ ಅದಲುಬದಲಾಗಿ ಕಾಣುತ್ತದೆ. ಹಳೇಬೀಡಿನ ಹೊಯ್ಸಳೇಶ್ವರದ ತಳಭಾಗದ ಆನೆ ಸಾಲಿಗೆ ಈ ಹೊಟ್ಟೆಮಟ್ಟದ ನೋಟ ಹೇಳಿ ಮಾಡಿಸಿದಂಥದು. ಬೇಲೂರಿನಲ್ಲಿ ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರಿಗೆ ಅಷ್ಟು ಒಗ್ಗದು, ಅದಕ್ಕಾಗಿ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಬೇಕಾಗುತ್ತದೆ, ಹಾಗೆ ಮಾಡಿದಾಗ ಕಂಬಗಳ ಗೆರೆಗಳು ಮೇಲೆ ಹೋದಂತೆ ಒಂದನ್ನೊಂದು ಸಮೀಪಿಸುತ್ತವೆ. ಒಟ್ಟಿನಲ್ಲಿ ಚಿತ್ರ ತೆಗೆದವನೇ ಶಿಲ್ಪವನ್ನು ತಿರುಗುಮುರುಗಾಗಿ ಕಂಡಿರುತ್ತಾನೆ. ಆದ್ದರಿಂದ ಪ್ರತಿ ಎಡಬಲ ಅದಲುಬದಲಾದರೆ ಅವನ ನೆನಪೂ ಅದನ್ನು ತಿದ್ದುವುದಿಲ್ಲ.

ಸ್ಕ್ಯಾನರಿನ ಒಳಗಿನ ವ್ಯವಸ್ಥೆ ಸರಳವಾಗಿದೆ. ಕಾಗದವನ್ನು ಓದುವಾಗ ಗಾಜಿನ ಕೆಳಗಿನ ದೀಪ ಕಾಗದಕ್ಕೆ ಬಡಿದು ಮರಳಿದ ಬೆಳಕನ್ನು ಅದು ಅಳೆಯುತ್ತದೆ. ನೆಗೆಟಿವ್ ಪಾರದರ್ಶಕವಾದ್ದರಿಂದ ಅದಕ್ಕೆ ಮುಚ್ಚಳದೊಳಗೆ ಇನ್ನೊಂದು ದೀಪ ಬೇಕು, ಬೆಳಕು ಮೇಲಿನಿಂದ ಫಿಲಂ ಹಾಯ್ದು ಕೆಳಗೆ ಬರಬೇಕು. ಆದ್ದರಿಂದ ಕಚೇರಿಯ ಜೆರಾಕ್ಸ್ ಯಂತ್ರಕ್ಕೆ ಅಂಟಿಕೊಂಡಿರುವ ಸಾಮಾನ್ಯ ಸ್ಕ್ಯಾನರಿನಿಂದ ಈ ಕೆಲಸ ಆಗದು. ಮುಚ್ಚಳದಲ್ಲಿ ದೀಪವಿರುವ ಎಪ್ಸನ್ ಪರ್ಫೆಕ್ಷನ್ ವಿ600, ವಿ700, ವಿ850, ಕ್ಯಾನನ್ನಿನ ಕ್ಯಾನೋಸ್ಕ್ಯಾನ್ 9000ಎಫ್ ಮುಂತಾದವು ಬೇಕು. ಗಾಜಿನ ಕೆಳಗೆ ಉದ್ದಕ್ಕೆ ಸರಿಯುವ ತಲೆಯಲ್ಲಿ ಸಿಸಿಡಿ ಎಂಬ, ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಸಂವೇದಕಗಳ ಸಾಲು ಇರುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಇದನ್ನು ರೂಪಿಸಿದ ಬಾಯ್ಲ್ ಮತ್ತು ಸ್ಮಿತ್ ಅವರಿಗೆ ನಲವತ್ತು ವರ್ಷಗಳ ಬಳಿಕ, 2009ರಲ್ಲಿ, ನೊಬೆಲ್ ಬಂತು. ಒಂದು ಅಂಗುಲ ಉದ್ದದಲ್ಲಿ ಎಷ್ಟು ಬಿಂದುಗಳನ್ನು ಬೇರೆ ಬೇರೆಯಾಗಿ ಅಳೆಯಲಾಗುತ್ತದೆ ಎಂಬುದನ್ನು ಡಿಪಿಐ ಎಂಬ ಮಾನದಿಂದ ಹೇಳುತ್ತಾರೆ. ಪೆಟ್ಟಿಗೆಯ ಮೇಲೆ 6400 ಎಂದಿದ್ದರೂ ಅದು ಸಂವೇದಕದ ಲೆಕ್ಕ. ಲೆನ್ಸು, ಗಾಜು ಮತ್ತು ಯಂತ್ರದ ಅಲುಗಾಟವನ್ನು ದಾಟಿ ನಿಜವಾಗಿ ಕೈಗೆ ಬರುವ ಸೂಕ್ಷ್ಮತೆ ವಿ700ರ ದರ್ಜೆಯ ಯಂತ್ರದಲ್ಲಿ ಸುಮಾರು 2300 ಎಂಬುದು ಸ್ವತಂತ್ರ ಪರೀಕ್ಷೆಗಳಲ್ಲಿ ಕಂಡ ಸಂಗತಿ.

ಈ 2300 ಎಂಬ ಸಂಖ್ಯೆಯೇ 120 ಫಿಲಂಗೂ ಫ್ಲಾಟ್‌ಬೆಡ್ ಸ್ಕ್ಯಾನರಿಗೂ ಸಂಬಂಧ ಕುದುರಿಸುವುದು. ಇಪ್ಪತ್ತನಾಲ್ಕಕ್ಕೆ ಮೂವತ್ತಾರು ಮಿಲಿಮೀಟರಿನ ಸಣ್ಣ ನೆಗೆಟಿವ್‌ನಿಂದ ಅಷ್ಟು ಸೂಕ್ಷ್ಮತೆಯಲ್ಲಿ ಸಿಗುವುದು ಎಪ್ಪತ್ತೊಂದು ಲಕ್ಷ ಬಿಂದುಗಳ ಚಿತ್ರ, ಅದು ಇಂದಿನ ಕಣ್ಣಿಗೆ ಬಡಕಲು. ಚೌಕ 120 ನೆಗೆಟಿವ್‌ನ ವಿಸ್ತೀರ್ಣ ಅದರ ಮೂರೂವರೆ ಪಟ್ಟಿಗೂ ಹೆಚ್ಚಾದ್ದರಿಂದ ಅದೇ ಯಂತ್ರದಲ್ಲಿ ಎರಡೂವರೆ ಕೋಟಿ ಬಿಂದುಗಳ ಚಿತ್ರ ಸಿಗುತ್ತದೆ. ಇದನ್ನು ಕಲ್ಲಿನ ಲೆಕ್ಕಕ್ಕೆ ಇಳಿಸಿ ನೋಡಬಹುದು. ಒಂದು ಮೀಟರ್ ಎತ್ತರದ ಶಿಲ್ಪವೊಂದು ಚೌಕಟ್ಟಿನ ತುಂಬ ಬಂದಿದ್ದರೆ ನೆಗೆಟಿವ್‌ನಲ್ಲಿ ಅದು ಸುಮಾರು ಹದಿನೆಂಟು ಪಟ್ಟು ಕುಗ್ಗಿರುತ್ತದೆ, ಸ್ಕ್ಯಾನರು ಫಿಲಂನ ಪ್ರತಿ ಮಿಲಿಮೀಟರಿನಲ್ಲಿ ತೊಂಬತ್ತು ಬಿಂದುಗಳನ್ನು ಓದುತ್ತದೆ, ಹಾಗಾಗಿ ಒಂದು ಬಿಂದು ಕಲ್ಲಿನ ಮೇಲೆ 0.2 ಮಿಲಿಮೀಟರಿಗೆ ಸಮ. ಒಂದು ಗೆರೆಯನ್ನು ಪಕ್ಕದ ಗೆರೆಯಿಂದ ಬೇರ್ಪಡಿಸಿ ತೋರಿಸಲು ಎರಡು ಬಿಂದುಗಳಾದರೂ ಬೇಕೆಂದರೂ, ಲೆನ್ಸು ಚುರುಕಾಗಿದ್ದು ಕೈ ಅಲುಗದಿದ್ದರೆ, ಅರ್ಧ ಮಿಲಿಮೀಟರಿಗಿಂತ ಸಣ್ಣ ಉಳಿಯ ಗೀರು ಆ ನೆಗೆಟಿವ್‌ನಿಂದ ಹೊರಬರಬೇಕು. ಹಾಗೆಂದು 6400ಕ್ಕೆ ಇಟ್ಟು ಸ್ಕ್ಯಾನ್ ಮಾಡುವವರಿಗೆ ಹೆಚ್ಚಿನದೇನೂ ಸಿಗುವುದಿಲ್ಲ, ಕಡತ ಮಾತ್ರ ಉಬ್ಬುತ್ತದೆ: 2400ರಲ್ಲಿ 56 ಎಂಬಿಯ ಕಪ್ಪುಬಿಳುಪು ಚಿತ್ರ 6400ರಲ್ಲಿ ಸುಮಾರು 400 ಎಂಬಿ ಆಗುತ್ತದೆ. ನೆಗೆಟಿವ್ ಬಿಟ್ಟು ಪುಸ್ತಕದ ಚಿತ್ರವನ್ನೇ ಸ್ಕ್ಯಾನ್ ಮಾಡುವುದಂತೂ ಇನ್ನೂ ಬಡ ಉಪಾಯ, ಏಕೆಂದರೆ ಹಳೆಯ ಅಚ್ಚಿನಲ್ಲಿ ಚಿತ್ರವೆಂದರೆ ಚುಕ್ಕಿಗಳ ಜಾಲ. ಹತ್ತಿರ ಹೋದಂತೆ ಮದನಿಕೆಯ ಮುಖ ಮಾಯವಾಗಿ ಚುಕ್ಕಿಗಳಷ್ಟೇ ಉಳಿಯುತ್ತವೆ.

ಕೆಲಸಕ್ಕೆ ಮೊದಲು ನೆಗೆಟಿವ್‌ನ ಸ್ಥಿತಿಯನ್ನು ನೋಡಬೇಕಾಗುತ್ತದೆ. ಫಿಲಂ ಎಂದರೆ ಪ್ಲಾಸ್ಟಿಕ್ ಹಾಳೆಯ ಒಂದು ಮೈಗೆ ಬಳಿದ ಜೆಲಟಿನ್ ಪದರ. ಬೆಳಕು ತಾಗಿದಲ್ಲಿ ಕಪ್ಪಾಗುವ ಬೆಳ್ಳಿಯ ಕಣಗಳು ಆ ಪದರದಲ್ಲಿರುತ್ತವೆ, ಅದನ್ನೇ ಎಮಲ್ಷನ್ ಎನ್ನುವುದು. ಜೆಲಟಿನ್ ಪ್ರಾಣಿಗಳ ಮೂಳೆ ಚರ್ಮಗಳಿಂದ ಬರುವ ಪದಾರ್ಥವಾದ್ದರಿಂದ ಬೂಷ್ಟಿಗೆ ಅದು ಆಹಾರ. ಬೇಲೂರು ಮಲೆನಾಡಿನ ಅಂಚಿನ ಊರು, ಮಳೆಗಾಲದ ತೇವ ಬೀರುವಿನ ಒಳಗೂ ಇಳಿಯುತ್ತದೆ, ಬೂಷ್ಟು ಚಿತ್ರದ ಮೇಲೆ ಜೇಡನ ಬಲೆಯಂತೆ ಹಬ್ಬುತ್ತದೆ. ಲಕೋಟೆ ಬಿಚ್ಚಿದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ ಹಾಳೆಯೇ ಕೊಳೆಯತೊಡಗಿದೆ ಎಂದರ್ಥ, ಅಂಥವನ್ನು ಉಳಿದವುಗಳಿಂದ ಬೇರ್ಪಡಿಸಿ ಮೊದಲು ಸ್ಕ್ಯಾನ್ ಮಾಡಬೇಕು, ಏಕೆಂದರೆ ಆ ಆಮ್ಲದ ಆವಿ ಪಕ್ಕದ ಫಿಲಂಗಳನ್ನೂ ಕೆಡಿಸುತ್ತದೆ. ಒಣ ಹವೆಯಲ್ಲಿ ಜೆಲಟಿನ್ ಕುಗ್ಗಿ ಫಿಲಂ ಎಮಲ್ಷನ್ನಿನ ಕಡೆಗೆ ಬಾಗುತ್ತದೆ. ಬಟರ್ ಪೇಪರಿನ ನಡುವೆ ಇಟ್ಟು ಮೇಲೊಂದು ದಪ್ಪ ನಿಘಂಟನ್ನು ಹೇರಿ ನಾಲ್ಕಾರು ದಿನ ಬಿಟ್ಟರೆ ಬಹುಪಾಲು ನೆಟ್ಟಗಾಗುತ್ತದೆ. ಒದ್ದೆ ಬಟ್ಟೆ, ಬಾಯಿಯ ಉಸಿರು ಮತ್ತು ಬೆರಳು ಈ ಮೂರನ್ನು ದೂರವಿಟ್ಟು ರಬ್ಬರ್ ಬುಗುಟಿನ ಗಾಳಿಯಿಂದ ಧೂಳು ಊದುವುದು ಸಾಕು.

ನೆಗೆಟಿವ್‌ಗೆ ಎರಡು ಮೈಗಳಿವೆ ಎಂಬಲ್ಲಿಂದ ಮುಖ್ಯ ತೊಡಕು ಶುರುವಾಗುತ್ತದೆ. ದೀಪದ ಎದುರು ಓರೆ ಹಿಡಿದರೆ ಒಂದು ಮೈ ಗಾಜಿನಂತೆ ಹೊಳೆಯುತ್ತದೆ, ಅದು ಬರಿಯ ಪ್ಲಾಸ್ಟಿಕ್. ಇನ್ನೊಂದು ಮಂಕಾಗಿರುತ್ತದೆ, ಅದು ಎಮಲ್ಷನ್. ಹೊಳೆಯುವ ಮೈ ಕೆಳಗೆ, ಮಂಕು ಮೈ ಮೇಲೆ ಎಂಬುದು ಎಪ್ಸನ್ ಯಂತ್ರಗಳ ಕೈಪಿಡಿಯ ಸೂಚನೆ. ಹಾಗೆ ಇಟ್ಟಾಗ ಮೇಲಿನಿಂದ ನೋಡುವ ಮನುಷ್ಯನಿಗೆ ಅಂಚಿನ ಅಕ್ಷರಗಳು ತಿರುಗಿ ಕಾಣುತ್ತವೆ, ಕೆಳಗಿನಿಂದ ನೋಡುವ ಯಂತ್ರಕ್ಕೆ ನೇರವಾಗಿ ಕಾಣುತ್ತವೆ. ಸೂಚನೆ ಇಷ್ಟು ಸ್ಪಷ್ಟವಾಗಿದ್ದರೂ ನುರಿತವರೇ ಅದನ್ನು ಮೀರುವುದುಂಟು, ಮತ್ತು ಅದಕ್ಕೆ ಸಕಾರಣವೂ ಉಂಟು. ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಹಿಡಿಕೆ 120 ಫಿಲಂನ ಎರಡು ಅಂಚುಗಳನ್ನಷ್ಟೇ ಹಿಡಿಯುವುದರಿಂದ ನಡುಭಾಗ ಜೋತುಬೀಳುತ್ತದೆ, ಸ್ಕ್ಯಾನರಿನ ಲೆನ್ಸು ಒಂದೇ ಎತ್ತರಕ್ಕೆ ಕೂಡಿಸಿದ್ದಾದ್ದರಿಂದ ಜೋತುಬಿದ್ದ ಭಾಗ ಮಸುಕಾಗುತ್ತದೆ. ಇದನ್ನು ತಪ್ಪಿಸಲು ಫಿಲಂ ಮೇಲೆ ಗಾಜೊಂದನ್ನು ಹೇರಿದರೆ ನುಣುಪು ಪ್ಲಾಸ್ಟಿಕ್ಕಿಗೂ ನುಣುಪು ಗಾಜಿಗೂ ನಡುವೆ ಸಿಕ್ಕ ಕೂದಲೆಳೆಗಿಂತ ತೆಳುವಾದ ಗಾಳಿಯ ಪದರದಲ್ಲಿ ಬೆಳಕಿನ ಅಲೆಗಳು ಒಂದರೊಡನೊಂದು ಸೇರಿ, ನೀರಿನ ಮೇಲಿನ ಎಣ್ಣೆಯಂತೆ ಸುತ್ತುಸುತ್ತಿನ ಗೆರೆಗಳು ಮೂಡುತ್ತವೆ. ಇವೇ ನ್ಯೂಟನ್ ಉಂಗುರಗಳು. ಮಂಕು ಮೈ ಗಾಜಿಗೆ ತಾಗಿದರೆ ಆ ಉಂಗುರಗಳು ಏಳುವುದಿಲ್ಲ. ಆದ್ದರಿಂದ ಕೆಲವರು ಎಮಲ್ಷನ್ ಮೈಯನ್ನೇ ಕೆಳಗೆ ಮಾಡಿ ಸ್ಕ್ಯಾನ್ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸಿಕೊಳ್ಳುತ್ತಾರೆ. ಹನ್ನೆರಡರಲ್ಲಿ ಹನ್ನೊಂದನ್ನು ತಿರುಗಿಸಿ ಒಂದನ್ನು ಮರೆಯುತ್ತಾರೆ.

ಮರೆತ ಆ ಒಂದರಲ್ಲಿ ಅಂಗಡಿಯ ಫಲಕವಿದ್ದರೆ ತಪ್ಪು ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ವಿಷ್ಣುಮೂರ್ತಿ ಇದ್ದರೆ ಹೊಡೆಯುವುದಿಲ್ಲ. ವೈಷ್ಣವ ಮೂರ್ತಿಶಾಸ್ತ್ರದಲ್ಲಿ ಚತುರ್ವಿಂಶತಿ ಮೂರ್ತಿಗಳು, ಅಂದರೆ ಇಪ್ಪತ್ತನಾಲ್ಕು ರೂಪಗಳು, ನಿಲುವಿನಿಂದಲೂ ಕಿರೀಟದಿಂದಲೂ ಒಂದೇ ಆಗಿದ್ದು, ಶಂಖ, ಚಕ್ರ, ಗದೆ, ಪದ್ಮ ಎಂಬ ನಾಲ್ಕು ಲಾಂಛನಗಳು ಯಾವ ಯಾವ ಕೈಯಲ್ಲಿವೆ ಎಂಬ ಒಂದೇ ಗುರುತಿನಿಂದ ಬೇರೆಯಾಗುತ್ತವೆ. ರೂಪಮಂಡನ ಎಂಬ ಶಿಲ್ಪಗ್ರಂಥದ ಕ್ರಮದಲ್ಲಿ ಕೇಶವನ ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ, ಕೆಳಗಿನ ಬಲಗೈಯಲ್ಲಿ ಪದ್ಮ ಇರುತ್ತವೆ. ಈ ಮೂರ್ತಿಯ ನೆಗೆಟಿವನ್ನು ಮಗುಚಿಟ್ಟರೆ ಚಕ್ರ ಮೇಲಿನ ಬಲಗೈಗೂ ಶಂಖ ಮೇಲಿನ ಎಡಗೈಗೂ ಬರುತ್ತವೆ, ಕೆಳಗೆ ಪದ್ಮ ಎಡಕ್ಕೂ ಗದೆ ಬಲಕ್ಕೂ ಸರಿಯುತ್ತವೆ. ಶಾಸ್ತ್ರದಲ್ಲಿ ಅದು ಮಾಧವನ ಲಕ್ಷಣ. ಆಚಮನದಲ್ಲಿ ಮೊದಲು ಬರುವ ಹೆಸರು ಮೂರನೆಯ ಹೆಸರಾಗಿಬಿಡುತ್ತದೆ. ಅದೇ ರೀತಿಯಲ್ಲಿ ನಾರಾಯಣ ಗೋವಿಂದನಾಗುತ್ತಾನೆ, ವಿಷ್ಣು ಮಧುಸೂದನನಾಗುತ್ತಾನೆ, ತ್ರಿವಿಕ್ರಮ ವಾಮನನಾಗುತ್ತಾನೆ.

ಇದು ಆಕಸ್ಮಿಕವಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ. ನಾಲ್ಕು ಲಾಂಛನಗಳನ್ನು ನಾಲ್ಕು ಕೈಗಳಿಗೆ ಹಂಚುವ ಬಗೆಗಳು ನಾಲ್ಕು, ಮೂರು, ಎರಡು, ಒಂದರ ಗುಣಲಬ್ಧ, ಅಂದರೆ ಇಪ್ಪತ್ತನಾಲ್ಕು ಮಾತ್ರ. ಆ ಇಪ್ಪತ್ತನಾಲ್ಕಕ್ಕೂ ಶಾಸ್ತ್ರಕಾರರು ಒಂದೊಂದು ಹೆಸರು ಕೊಟ್ಟು ಮುಗಿಸಿದ್ದಾರೆ, ಖಾಲಿ ಮನೆ ಉಳಿಸಿಲ್ಲ. ಗ್ರಂಥದಿಂದ ಗ್ರಂಥಕ್ಕೆ ಪಾಠಭೇದಗಳಿದ್ದರೂ ಮೂಲ ಲೆಕ್ಕ ಇದು. ಎಡಬಲ ತಿರುಗಿಸಿದಾಗ ಯಾವ ಜೋಡಣೆಯೂ ಇದ್ದಂತೆಯೇ ಉಳಿಯುವುದಿಲ್ಲ, ಯಾವುದೂ ಇಪ್ಪತ್ತನಾಲ್ಕರ ಆಚೆಗೂ ಹೋಗುವುದಿಲ್ಲ. ಪ್ರತಿಯೊಂದೂ ಇನ್ನೊಂದು ಸರಿಯಾದ ದೇವರ ಮೇಲೆಯೇ ಹೋಗಿ ಕೂರುತ್ತದೆ. ಆದ್ದರಿಂದ ಮಗುಚಿದ ಚಿತ್ರವನ್ನು ಕೈಯಲ್ಲಿ ಹಿಡಿದು ಲಕ್ಷಣಗ್ರಂಥ ತೆರೆದ ವಿದ್ಯಾರ್ಥಿಗೆ ಎಲ್ಲಿಯೂ ಅನುಮಾನ ಹುಟ್ಟುವುದಿಲ್ಲ. ಹೆಸರು ಸಿಗುತ್ತದೆ, ಆದರೆ ತಪ್ಪು ಹೆಸರು ಸಿಗುತ್ತದೆ. ಸೊಂಡಿಲು ಎಡಕ್ಕೆ ತಿರುಗಿದ ಸಾಮಾನ್ಯ ಗಣಪತಿ ಬಲಮುರಿ ಗಣಪತಿಯಾಗುವುದೂ, ಅಪರೂಪದ ಮೂರ್ತಿ ಸಿಕ್ಕಿತೆಂದು ಹಿಗ್ಗುವುದಕ್ಕೆ ಅವಕಾಶವಾಗುವುದೂ ಹೀಗೆಯೇ.

ಪತ್ತೆ ಹಚ್ಚುವ ದಾರಿಯೂ ಆ ಮೂರ್ತಿಯ ಮೈಮೇಲೆಯೇ ಇದೆ. ಯಜ್ಞೋಪವೀತ, ಅಂದರೆ ಜನಿವಾರ, ಎಡ ಹೆಗಲಿನಿಂದ ಇಳಿದು ಬಲ ಪಕ್ಕೆಗೆ ಹೋಗುವುದು ಸವ್ಯ. ಬಲ ಹೆಗಲಿನಿಂದ ಎಡಕ್ಕೆ ಬರುವುದು ಅಪಸವ್ಯ, ಅದು ಪಿತೃಕಾರ್ಯದ ಹೊತ್ತಿನದು. ಹೊಯ್ಸಳ ಶಿಲ್ಪಿ ಕಂಠೀಹಾರ, ಉದರಬಂಧಗಳ ದಟ್ಟಣೆಯ ನಡುವೆಯೂ ಜನಿವಾರದ ಎಳೆಯನ್ನು ಬಿಡಿಸಿ ತೋರಿಸುತ್ತಾನೆ, ಆದ್ದರಿಂದ ಪರದೆಯ ಮೇಲಿನ ವಿಷ್ಣುವಿನ ಬಲ ಹೆಗಲಿನ ಮೇಲೆ ಜನಿವಾರ ಕಂಡರೆ ಕೈಗಳ ಲೆಕ್ಕಕ್ಕೆ ಹೋಗುವ ಮೊದಲು ನೆಗೆಟಿವನ್ನು ತಿರುಗಿಸಬೇಕು. ಪತ್ರಿಕೆಯ ಕನ್ನಡದಲ್ಲಿ ಎಡವಟ್ಟಿಗೆ ಅಪಸವ್ಯ ಎನ್ನುವ ರೂಢಿ ಬಂದದ್ದು ಇಲ್ಲಿ ಅಕ್ಷರಶಃ ಹೊಂದುತ್ತದೆ.

ಎರಡನೆಯ ಸಾಕ್ಷಿ ಅಕ್ಷರ. ಬೇಲೂರಿನ 42 ಮದನಿಕೆಯರಲ್ಲಿ 38 ಹೊರಗೂ ನಾಲ್ಕು ನವರಂಗದೊಳಗೂ ಇವೆ. ಇವುಗಳಲ್ಲಿ ಕೆಲವುಗಳ ಪಾದಪೀಠದಲ್ಲಿ ಶಿಲ್ಪಿಗಳು ಕನ್ನಡ ಲಿಪಿಯಲ್ಲಿ ತಮ್ಮ ಹೆಸರು ಬಿರುದುಗಳನ್ನು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳು ಹೀಗೆಯೇ ನಮಗೆ ತಿಳಿದಿರುವುದು. ಹೊಯ್ಸಳ ದೇವಾಲಯಗಳನ್ನೂ ಇಂಥ ರುಜುಗಳನ್ನೂ ಷ. ಶೆಟ್ಟರ್ ವಿಸ್ತಾರವಾಗಿ ಅಭ್ಯಾಸ ಮಾಡಿದ್ದಾರೆ. ನೆಗೆಟಿವ್‌ನ ಕೆಳ ಅಂಚಿನಲ್ಲಿ ಆ ಒಂದು ಸಾಲು ಸಿಕ್ಕಿದ್ದರೆ, ಅದನ್ನು ಹಿಗ್ಗಿಸಿದಾಗ ಒತ್ತುಗಳು ಅಕ್ಷರದ ಎಡಕ್ಕೆ ಜೋತಾಡುತ್ತಿದ್ದರೆ, ಮದನಿಕೆ ಕೈ ಬದಲಿಸಿದ್ದಾಳೆ ಎಂದು ತಿಳಿಯಬಹುದು. ದರ್ಪಣ ಸುಂದರಿ ಎಂಬ ಮದನಿಕೆ ಕನ್ನಡಿಯನ್ನು ಯಾವ ಕೈಯಲ್ಲಿ ಹಿಡಿದಿದ್ದಾಳೆಂಬ ವಾದವೂ ಅಲ್ಲಿಗೇ ತೀರುತ್ತದೆ. ಶಾಸನಗಳ ಪಡಿಯಚ್ಚು ತೆಗೆಯುವವರಿಗೆ ಈ ಭಯವಿಲ್ಲ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹೊಡೆದು ಕೂರಿಸಿ, ಹೊರಮೈಗೆ ಮಸಿ ತಟ್ಟುವ ಆ ವಿಧಾನದಲ್ಲಿ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ನೇರವಾಗಿಯೇ ಏಳುತ್ತವೆ, ಅದು ಬಣ್ಣದಲ್ಲಿ ನೆಗೆಟಿವ್, ದಿಕ್ಕಿನಲ್ಲಿ ಅಲ್ಲ.

ಹಳೇಬೀಡಿನ ಪಟ್ಟಿಕೆಗಳಲ್ಲಿ ಜನಿವಾರವೂ ಇಲ್ಲ, ಅಕ್ಷರವೂ ವಿರಳ. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರೆಂದು ಏರಿ, ರಾಮಾಯಣ ಭಾರತಗಳ ಕಥಾಪಟ್ಟಿಕೆ ದಾಟಿ, ಮಕರ ಹಂಸಗಳವರೆಗೆ ಹೋಗುವ ಆ ಸಾಲುಗಳಲ್ಲಿ ದಿಕ್ಕನ್ನು ಹೇಳುವುದು ನಡಿಗೆ ಮಾತ್ರ. ಪ್ರದಕ್ಷಿಣೆ ಬರುವವನ ಬಲಕ್ಕೆ ಗೋಡೆ ಇರುತ್ತದೆ, ಅವನು ಗೋಡೆಯತ್ತ ತಿರುಗಿ ನಿಂತರೆ ಮುಂದಿನ ಹೆಜ್ಜೆ ಅವನ ಎಡಕ್ಕೆ ಬೀಳುತ್ತದೆ. ಕಥೆ ಪ್ರದಕ್ಷಿಣೆಯನ್ನು ಅನುಸರಿಸಿದಲ್ಲೆಲ್ಲ ಅದು ಬಲದಿಂದ ಎಡಕ್ಕೆ ಸಾಗಬೇಕಾಗುತ್ತದೆ. ಪುಸ್ತಕವನ್ನು ಎಡದಿಂದ ಬಲಕ್ಕೆ ಓದಿ ರೂಢಿಯಾದ ಕಣ್ಣಿಗೆ ಮಗುಚಿದ ಚಿತ್ರವೇ ಹೆಚ್ಚು ಸಹಜವೆನಿಸುವ ಅಪಾಯ ಇಲ್ಲಿದೆ. ಬಾಣ ಬಿಡುವವರೆಲ್ಲ ಎಡಚರಾಗಿದ್ದಾರೆಯೇ, ಖಡ್ಗಗಳೆಲ್ಲ ಎಡಗೈಯಲ್ಲಿವೆಯೇ ಎಂದು ನೋಡುವುದು ಒಂದು ಉಪಾಯ. ಅರಸೀಕೆರೆಯ 1220ರ ಶಿವಾಲಯದಲ್ಲಿ ಆ ಉಪಾಯವೂ ಕೈಕೊಡುತ್ತದೆ: ಅದರ ಮುಂದಿನ ತೆರೆದ ಮಂಟಪ ಹದಿನಾರು ಮೂಲೆಗಳ ನಕ್ಷತ್ರ, ಮೇಲೆ ಗುಮ್ಮಟದಂಥ ಸೂರು, ಎಡಬಲ ಎರಡೂ ಒಂದೇ. ಅಲ್ಲಿ ಬೆಳಕನ್ನು ಕೇಳಬೇಕಾಗುತ್ತದೆ. ಗುಡಿ ಪೂರ್ವಾಭಿಮುಖವಾದ್ದರಿಂದ ಎದುರಿನಿಂದ ಚಿತ್ರ ತೆಗೆಯುವವನ ಎಡಕ್ಕೆ ದಕ್ಷಿಣ. ಈ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬಿಟ್ಟರೆ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿರುತ್ತಾನೆ, ಆದ್ದರಿಂದ ನೇರವಾದ ಚಿತ್ರದಲ್ಲಿ ಮಧ್ಯಾಹ್ನದ ನೆರಳು ಬಲಕ್ಕೆ ಬೀಳಬೇಕು. ಪ್ರವಾಸ ಡಿಸೆಂಬರಿನದೆಂದು ಲಕೋಟೆಯ ಮೇಲೆ ಬರೆದಿದ್ದರೆ ಈ ಸಾಕ್ಷ್ಯ ಗಟ್ಟಿ, ಮೇ ತಿಂಗಳ ರಜೆಯದಾದರೆ ಪೊಳ್ಳು.

ದಿಕ್ಕು ಸರಿಹೋದ ಮೇಲೆ ಉಳಿಯುವುದು ಕತ್ತಲೆ ಬೆಳಕಿನ ಹೊಂದಾಣಿಕೆ. ಬೇಲೂರಿನ ನವರಂಗದೊಳಗೆ, ಕಡೆದ ಕಂಬಗಳ ನಯವಾದ ಮೈಯ ಮೇಲೆ, ಬೆಳಕು ಬರುವುದು ಬಾಗಿಲಿನಿಂದ ಮತ್ತು ಜಾಲಂಧ್ರಗಳಿಂದ. ಕಣ್ಣು ಹೊಂದಿಕೊಂಡರೂ ಫಿಲಂ ಹೊಂದಿಕೊಳ್ಳದು. ಕಂಬಕ್ಕೆಂದು ದೀರ್ಘ ಕಾಲ ಬೆಳಕು ಕೊಟ್ಟ ನೆಗೆಟಿವ್‌ನಲ್ಲಿ ಜಾಲಂಧ್ರದ ಭಾಗ ಬೆಳ್ಳಿ ದಟ್ಟೈಸಿ ಕಾಡಿಗೆಯಂತಾಗಿರುತ್ತದೆ, ಸ್ಕ್ಯಾನರಿನ ದೀಪ ಅದನ್ನು ಹಾಯುವುದು ಕಷ್ಟ. ಸಾಧಾರಣವಾಗಿ ತೊಳೆದ ಕಪ್ಪುಬಿಳುಪು ನೆಗೆಟಿವ್‌ನ ದಟ್ಟಣೆ ಈ ಯಂತ್ರಗಳ ಅಳವಿನಲ್ಲಿಯೇ ಇರುತ್ತದೆ, ಹೆಚ್ಚು ಹೊತ್ತು ತೊಳೆದದ್ದು ಮಾತ್ರ ತೊಂದರೆ ಕೊಡುತ್ತದೆ. ಅಂಥಲ್ಲಿ ತಂತ್ರಾಂಶವು ಒಮ್ಮೆ ಸಾಮಾನ್ಯ ಬೆಳಕಿನಲ್ಲಿ, ಇನ್ನೊಮ್ಮೆ ಹೆಚ್ಚು ಹೊತ್ತಿನ ಬೆಳಕಿನಲ್ಲಿ ಓದಿ ಎರಡನ್ನೂ ಬೆಸೆಯುವಂತೆ ಮಾಡಬಹುದು. ಚಿತ್ರವನ್ನು 16 ಬಿಟ್‌ನಲ್ಲಿ, ಅಂದರೆ ಕಪ್ಪಿನಿಂದ ಬಿಳಿಗೆ 256ರ ಬದಲು 65,536 ಮೆಟ್ಟಿಲುಗಳಲ್ಲಿ, ಟಿಫ್ ಕಡತವಾಗಿ ಉಳಿಸಿಕೊಳ್ಳುವುದು ಅಗತ್ಯ. ಬಳಪದ ಕಲ್ಲಿನ ಬಣ್ಣ ಬೂದಿಯಿಂದ ಕಪ್ಪಿನವರೆಗೆ ನೂರು ಛಾಯೆಗಳಲ್ಲಿ ಜಾರುತ್ತದೆ, ಮೆಟ್ಟಿಲು ಕಡಿಮೆಯಾದರೆ ಆ ಜಾರು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ.

ಧೂಳು ತೆಗೆಯುವ ಸ್ವಯಂಚಾಲಿತ ಸೌಲಭ್ಯವನ್ನು ಈ ಚಿತ್ರಗಳ ಮಟ್ಟಿಗೆ ಮುಟ್ಟದಿರುವುದೇ ಮೇಲು. ಡಿಜಿಟಲ್ ಐಸ್ ಎಂಬ ವಿಧಾನ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಫಿಲಂ ಮೂಲಕ ಹಾಯಿಸುತ್ತದೆ. ಬಣ್ಣದ ಫಿಲಂನ ವರ್ಣಗಳು ಅದನ್ನು ತಡೆಯುವುದಿಲ್ಲ, ಧೂಳು ತಡೆಯುತ್ತದೆ, ಹಾಗಾಗಿ ತಡೆದದ್ದೆಲ್ಲ ಧೂಳು ಎಂದು ಯಂತ್ರ ತಿಳಿಯುತ್ತದೆ. ಕಪ್ಪುಬಿಳುಪು ಫಿಲಂನಲ್ಲಿ ಚಿತ್ರವೇ ಬೆಳ್ಳಿ, ಬೆಳ್ಳಿಯೂ ಆ ಕಿರಣವನ್ನು ತಡೆಯುವುದರಿಂದ ಯಂತ್ರಕ್ಕೆ ಇಡೀ ಶಿಲ್ಪವೇ ಧೂಳಾಗಿ ಕಾಣುತ್ತದೆ. ಅವಕೆಂಪು ಕಿರಣವಿಲ್ಲದೆ ಬರೀ ಆಕಾರ ನೋಡಿ ಚುಕ್ಕಿ ಅಳಿಸುವ ಇನ್ನೊಂದು ವಿಧಾನವುಂಟು, ಅದು ಇನ್ನೂ ಮೋಸಗಾರ: ಹೊಯ್ಸಳ ಶಿಲ್ಪದ ತೋಳಬಂದಿ, ಹಾರ, ಕಾಲ್ಗೆಜ್ಜೆಗಳು ಸಾಸಿವೆಯಂಥ ಮಣಿಗಳ ಸಾಲು, ಒಂದೊಂದು ಮಣಿಯ ನೆತ್ತಿಯ ಮೇಲೂ ಬೆಳಕಿನ ಒಂದೊಂದು ಚುಕ್ಕಿ, ತಂತ್ರಾಂಶಕ್ಕೆ ಅದಕ್ಕೂ ಧೂಳಿಗೂ ಭೇದ ಕಾಣದೆ ಮಣಿಗಳನ್ನು ಒರೆಸಿಹಾಕುವ ಸಂಭವವಿದೆ. ಚೂಪುಗೊಳಿಸುವ ಗುಂಡಿಯನ್ನು ಅತಿಯಾಗಿ ಒತ್ತಿದರೆ ಫಿಲಂನ ಕಣಗಳೇ ಉಳಿಯ ಗುರುತುಗಳಂತೆ ಎದ್ದು, ಶಿಲ್ಪಿ ಕೊರೆಯದ ಗೆರೆಗಳು ಹುಟ್ಟುತ್ತವೆ. ಫಿಲಂನ ಗೀರು ಯಾವುದು, ಕಲ್ಲಿನ ಬಿರುಕು ಯಾವುದು ಎಂಬ ತೀರ್ಮಾನ ಮನುಷ್ಯನ ಕಣ್ಣಿನದು. ಗೀರು ಎಮಲ್ಷನ್ನಿನ ಮೇಲೆ ನೇರವಾಗಿ ಓಡುತ್ತದೆ, ಬಿರುಕು ಶಿಲ್ಪದ ಉಬ್ಬುತಗ್ಗನ್ನು ಅನುಸರಿಸಿ ಬಾಗುತ್ತದೆ. ತಿದ್ದುಪಡಿಯನ್ನೆಲ್ಲ ಪ್ರತಿಯ ಮೇಲೆ ಮಾಡಿ ಮೂಲ ಕಡತವನ್ನು ಗೀರುಸಹಿತ ಬಿಡುವುದು ಸಂಗ್ರಹಾಲಯಗಳ ಪದ್ಧತಿ.

ದೊಡ್ಡ ಸಂಗ್ರಹಗಳು ಈ ಕೆಲಸವನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡಿವೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯ ಗುರುಗ್ರಾಮದ ಕಲಾ ಮತ್ತು ಪುರಾತತ್ತ್ವ ಕೇಂದ್ರ, ಪುದುಚೇರಿಯ ಫ್ರೆಂಚ್ ಸಂಸ್ಥೆ, ಇವೆರಡರಲ್ಲಿಯೂ ದೇವಾಲಯಗಳ ಚಿತ್ರಗಳು ಲಕ್ಷ ಮೀರಿವೆ. ಸಂಸ್ಥೆಗಳ ಛಾಯಾಗ್ರಾಹಕರು ಗೋಡೆಯನ್ನು ಕ್ರಮವಾಗಿ, ದಾಖಲೆಗೆಂದೇ ತೆಗೆದರು. ಹಾಸನ, ಚಿಕ್ಕಮಗಳೂರು, ಅರಸೀಕೆರೆಯ ಮನೆಗಳ ಲಕೋಟೆಗಳಲ್ಲಿ ಇರುವವು ನೆಂಟರ ಬೆನ್ನ ಹಿಂದಿನ ಗೋಡೆಗಳು. ಇವುಗಳಿಗೆ ತಾರೀಕು ಸಿಗುವುದು ಸೀರೆಯ ಅಂಚಿನಿಂದ, ಮಕ್ಕಳ ವಯಸ್ಸಿನಿಂದ, ಹಿನ್ನೆಲೆಯ ಬಸ್ಸಿನಿಂದ, ಮತ್ತು ಎಲ್ಲಕ್ಕಿಂತ ಖಚಿತವಾಗಿ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಅರ್ಧ ಸಾಲಿನಿಂದ.

ಆದುದರಿಂದ ಒಂದೊಂದು ಚಿತ್ರವನ್ನು ಹಿಡಿಕೆಯಲ್ಲಿ ಕೂರಿಸಿ ದೊಡ್ಡದಾಗಿ ಓದುವುದಕ್ಕೆ ಮೊದಲು, ಇಡೀ ಫಿಲಂ ಪಟ್ಟಿಯನ್ನು ಅದರ ಲಕೋಟೆಯ ಸಮೇತ ಗಾಜಿನ ಮೇಲೆ ಹಾಸಿ ಕಡಿಮೆ ಸೂಕ್ಷ್ಮತೆಯಲ್ಲಿ ಎರಡು ಬಾರಿ, ಒಮ್ಮೆ ಕೆಳಗಿನ ದೀಪದಲ್ಲಿ ಲಕೋಟೆಯ ಬರಹಕ್ಕಾಗಿ, ಒಮ್ಮೆ ಮುಚ್ಚಳದ ದೀಪದಲ್ಲಿ ಫಿಲಂಗಾಗಿ, ಓದಿಸಿಕೊಳ್ಳುವ ಕ್ರಮವನ್ನು ಇಟ್ಟುಕೊಳ್ಳಬೇಕು. ಹಿಡಿಕೆಯ ಪ್ಲಾಸ್ಟಿಕ್ ತುಟಿ ಫಿಲಂನ ಅಂಚನ್ನು ಮುಚ್ಚಿಬಿಡುತ್ತದೆ. ಹಾಸಿ ಓದಿಸಿದ ಚಿತ್ರದಲ್ಲಿ ಮಾತ್ರ ಅಂಚಿನ ಮೇಲಿನ ತಯಾರಕರ ಹೆಸರು, ಫಿಲಂನ ಹೆಸರು, ಒಂದರಿಂದ ಹನ್ನೆರಡರವರೆಗಿನ ಅಂಕಿಗಳು ಉಳಿಯುತ್ತವೆ. ಸ್ಟುಡಿಯೋದವರು ಒಂದೊಂದೇ ಚಿತ್ರವನ್ನು ಕತ್ತರಿಸಿ ಕೊಟ್ಟಿದ್ದು ಅಂಚೂ ಹೋಗಿದ್ದರೆ, ಬೆರಳ ತುದಿಗೆ ಬಟ್ಟೆ ಸುತ್ತಿ ಮೂಲೆ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ, ಮಂಕು ಮೈ ಯಾವುದೆಂದು ನೋಡಿ, ಕಡತದ ಹೆಸರಿನಲ್ಲಿಯೇ ಅದನ್ನು ಬರೆದಿಡಬೇಕು: ಬೇಲೂರು, ಹೊರಗೋಡೆ, ಎಮಲ್ಷನ್ ಮೇಲೆ, ಜನಿವಾರ ಎಡ ಹೆಗಲು.